ಹುಡುಗರು ಮಾಸ್ಕ್ ಹಾಕಿದ್ದು ಯಾರನ್ನು ನೋಡಿ?

ಮಾನ್ಯರೇ,

ಜ್ವರ, ಕೆಮ್ಮು, ನೆಗಡಿ ಇದ್ದ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು, ಕೊರೊನಾ ಮತ್ತೆ ತಲೆ ಎತ್ತಿದ್ದ 2025ರ ಮೇ ಕೊನೆಗೆ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಮಳೆಗಾಲ ಬಂತೆಂದರೆ ಈಗಲೂ ಅದೇ ಮಾತು ಏಳುತ್ತದೆ. ಹಿಂದೆಯೇ ‘ಈ ವಯಸ್ಸಿನ ಹುಡುಗರು ಎಲ್ಲಿ ಕೇಳ್ತಾರೆ ಬಿಡ್ರಿ’ ಅನ್ನುವುದೂ ಇದ್ದದ್ದೇ. ಗದಗಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ನಾನು ಇದನ್ನು ಪೂರಾ ಒಪ್ಪುವುದಿಲ್ಲ.

ಕೊರೊನಾದಿಂದ ನಿಂತಿದ್ದ ಹತ್ತನೇ ತರಗತಿ 2021ರ ಜನವರಿ 1ಕ್ಕೆ ಮತ್ತೆ ಶುರುವಾದಾಗ ಗೋಡೆ ತುಂಬ ಪೋಸ್ಟರ್ ಅಂಟಿಸಿದ್ದೆವು. ಯಾರೂ ಓದಲಿಲ್ಲ. ಹುಡುಗರ ಮಾಸ್ಕ್ ಗದ್ದದ ಮೇಲೆ, ಇಲ್ಲವೇ ಪ್ಯಾಂಟಿನ ಕಿಸೆಯಲ್ಲಿ. ಗೇಟಿನ ಹತ್ತಿರ ನನ್ನನ್ನು ಕಂಡರೆ ಮೂಗಿಗೆ ಏರುತ್ತಿತ್ತು, ನಾನು ಆ ಕಡೆ ತಿರುಗಿದರೆ ಇಳಿಯುತ್ತಿತ್ತು. ಒಬ್ಬಳು ಹುಡುಗಿ ಮಾತ್ರ ತೆಗೆಯುತ್ತಲೇ ಇರಲಿಲ್ಲ. ನೀರು ಕುಡಿಯಲೂ ಗೋಡೆ ಕಡೆ ತಿರುಗುತ್ತಿದ್ದಳು. ಕೇಳಿದ್ದಕ್ಕೆ, ‘ಮನ್ಯಾಗ ಅಜ್ಜಿಗೆ ಸಕ್ರಿ ಬ್ಯಾನಿ ಐತ್ರಿ ಸರ್, ನಾ ತಗೊಂಡು ಹೋದ್ರ ಹೆಂಗ?’ ಅಂದಳು. ತನಗೇನೋ ಆಗುತ್ತದೆ ಎಂಬ ಹೆದರಿಕೆ ಹದಿನೈದರ ವಯಸ್ಸಿಗೆ ನಾಟುವುದಿಲ್ಲ. ಅಜ್ಜಿಗೆ ಆದೀತು ಅನ್ನುವುದು ನಾಟುತ್ತದೆ. ಮುಂದಿನ ವಾರ ಅವಳ ಗೆಳತಿಯರಿಬ್ಬರೂ ಹಾಗೇ ಮಾಡತೊಡಗಿದರು. ನಾನು ಹೇಳಿದ್ದಕ್ಕಲ್ಲ, ಅವಳನ್ನು ನೋಡಿ.

ನನ್ನದೂ ತಪ್ಪಿದೆ. ಪಾಠ ಕೇಳಿಸಲಿ ಅಂತ ನಾನೇ ಮಾಸ್ಕ್ ಇಳಿಸುತ್ತಿದ್ದೆ. ‘ಸರ್, ನಿಮ್ದೂ ಕೆಳಗೈತ್ರಿ’ ಎಂದು ಹಿಂದಿನಿಂದ ಒಬ್ಬ ಕೂಗಿದ. ಕ್ಲಾಸೆಲ್ಲ ನಕ್ಕಿತು. ಇನ್ನು ಯಾವ ಬಾಯಿಂದ ಬುದ್ಧಿ ಹೇಳಲಿ?

ತಿಳಿವಳಿಕೆ ಕೊಟ್ಟರೆ ಸಾಕು ಅನ್ನುವವರು ಅದೇ ವರ್ಷದ ನವೆಂಬರ್ ನೆನಪಿಸಿಕೊಳ್ಳಲಿ. ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಸಮಾರಂಭ ನಡೆದ ಮೇಲೆ 280ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಹೆಚ್ಚಿನವರು ಲಸಿಕೆ ಹಾಕಿಸಿಕೊಂಡಿದ್ದರು, ಪುಣ್ಯ. ಡಾಕ್ಟರಾಗುವವರಿಗೆ ಗೊತ್ತಿರಲಿಲ್ಲವೇ?

ಇನ್ನು ಕೈ ತೊಳೆಯುವುದು. ನಮ್ಮ ಕಡೆ ನಲ್ಲಿಗೆ ನೀರು ಬರುವುದೇ ದಿನಗಟ್ಟಲೆ ಬಿಟ್ಟು. ಟ್ಯಾಂಕ್ ಖಾಲಿ ಇದ್ದಾಗ ಸುಮ್ನೆ ಸೋಪ್ ಇಟ್ಟು ಏನು ಮಾಡುವುದು?

ಜ್ವರ ಬಂದರೆ ಮನೆಯಲ್ಲಿರು ಅನ್ನುವವರೂ ನಾವೇ, ಎಸ್ಸೆಸ್ಸೆಲ್ಸಿಗೆ ಶೇ 75ರಷ್ಟು ಹಾಜರಿ ಬೇಕು ಅನ್ನುವವರೂ ನಾವೇ. ಕಳೆದ ತಿಂಗಳು ಮೈ ಕಾದ ಹಂಚಿನಂತಾಗಿದ್ದ ಹುಡುಗನೊಬ್ಬ ಬಂದ. ‘ಹಾಜರಿ ಹಾಕ್ರಿ ಸರ್, ಆಮ್ಯಾಲೆ ಮನಿಗೆ ಹೋಗ್ತೀನಿ’ ಅಂದ. ಜ್ವರದ ರಜೆಯಿಂದ ಪರೀಕ್ಷೆಗೆ ಅಡ್ಡಿಯಾಗದು ಎಂಬ ಒಂದು ಸಾಲನ್ನು ಮುಂದಿನ ಸುತ್ತೋಲೆಯಲ್ಲಿ ಪಾಲಕರಿಗೂ ತಿಳಿಯುವಂತೆ ಸೇರಿಸಲಿ. ನೀರಿಲ್ಲದ ದಿನ ಶಾಲೆಗೆ ಟ್ಯಾಂಕರ್ ಆದರೂ ಬರಲಿ.

– ಪ್ರೌಢಶಾಲಾ ಶಿಕ್ಷಕ, ಗದಗ