‘ಏನ್ ಕೆಲಸಾ ಮಾಡ್ತೀರಿ?’ ಅಂತ ಕೇಳಿದ ಡಾಕ್ಟರಿಗೆ, ಮತ್ತೆ ಉಳಿದವರಿಗೆ

ಮುಂಡರಗಿ ಕಡೆಯ ನಮ್ಮ ಕ್ರಷರ್ ಮತ್ತು ಕ್ವಾರಿಯಲ್ಲಿ ದುಡಿಯುವವರ ಎದೆಯ ಎಕ್ಸ್‌ರೇ ಮುಗಿಯಿತು. ರಿಪೋರ್ಟೂ ಕೈಗೆ ಬಂತು. ನಾನು ಅಲ್ಲಿ ಲಾರಿ ತೂಕ ಬರೆಯುವವಳು. ಪ್ರತಿಯೊಬ್ಬರ ಹೆಸರು ಗೊತ್ತಿರುವುದು ನನಗೊಬ್ಬಳಿಗೇ ಅಂತ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಈಗ ಥ್ಯಾಂಕ್ಸ್ ಹೇಳುವ ಕೆಲಸವೂ ನನ್ನದೇ ಅಂತೆ. ಇದನ್ನು ಮಾತ್ರ ಖುಷಿಯಿಂದ ಒಪ್ಪಿಕೊಂಡೆ.

ಮೊದಲ ಥ್ಯಾಂಕ್ಸ್ ಹುಬ್ಬಳ್ಳಿ ಕಿಮ್ಸ್‌ನ ಆ ಡಾಕ್ಟರಮ್ಮನಿಗೆ. ನಮ್ಮ ಕಾಕಾ ಹರೆಯದಿಂದಲೂ ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದವರು. ಕೆಮ್ಮು, ದಮ್ಮು ಶುರುವಾದಾಗ ಒಂದು ಕಡೆ ತೋರಿಸಿದೆವು. ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಇರಬಹುದು ಅಂತ ಗುಳಿಗೆ ಕೊಟ್ಟರು. ಕೋರ್ಸ್ ಮುಗಿಯಿತು, ಕೆಮ್ಮು ಹೋಗಲಿಲ್ಲ. ಇನ್ನೊಂದು ಕಡೆ ಹೋದರೆ ಮತ್ತೆ ಅದೇ ಗುಳಿಗೆ. ಬೀಡಿ ಸೇದುತ್ತೀಯಾ ಅಂತ ಎಲ್ಲರೂ ಕೇಳಿದರು. ಹೊಟ್ಟೆಪಾಡಿಗೆ ಏನು ಮಾಡುತ್ತೀ ಅಂತ ಯಾರೂ ಕೇಳಲಿಲ್ಲ.

ಈ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿಯುವ ಮೊದಲೇ ಕೇಳಿದರು. "ಯಜಮಾನ್ರ, ಏನ್ ಕೆಲಸಾ ಮಾಡ್ತೀರಿ?"

"ಕಲ್ಲಿಗೆ ತೂತು ಹಾಕ್ತೀನ್ರೀ."

"ಒಣಾ ಹಾಕ್ತೀರೋ, ನೀರು ಬಿಟ್ಟೋ?"

"ನೀರೆಲ್ಲೈತ್ರೀ ಮೇಡಂ. ಕುಡಿಯಾಕ ಸಿಕ್ಕರ ಸಾಕಾಗೇತಿ."

ಎಷ್ಟು ವರ್ಷ ಆಯಿತು, ದಿನಕ್ಕೆ ಎಷ್ಟು ತಾಸು, ಬಾಯಿಗೆ ಏನು ಕಟ್ಟುತ್ತೀರಿ, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಫಿಲ್ಮ್ ನೋಡಿದರು. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಸಿಲಿಕೋಸಿಸ್ ಅಂದರು. ಬಂಡೆಯಲ್ಲಿರುವ ಬೆಣಚಿನ ಧೂಳು ಒಳಗೆ ಹೋಗಿ ಕೂತು ಶ್ವಾಸಕೋಶದಲ್ಲಿ ಗಂಟು ಕಟ್ಟುತ್ತದಂತೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಐದು ಮೈಕ್ರಾನ್‌ಗಿಂತ ಸಣ್ಣದು, ಅಂದರೆ ಕಾಣದೇ ಇರುವುದು, ಸೀದಾ ಒಳಗಿಳಿಯುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲು ಅದನ್ನು ತಡೆಯುವುದಿಲ್ಲ.

ಟಿಬಿಯೂ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗಕ್ಕೇ ಬರುತ್ತದೆ. ಬರೀ ಚಿತ್ರ ನೋಡಿದರೆ ಎಷ್ಟೋ ಸಲ ಎರಡಕ್ಕೂ ಗುರುತು ಹತ್ತುವುದಿಲ್ಲ. ಕೆಲಸದ ಕತೆ ಕೇಳಿದರೇನೇ ಅದಕ್ಕೆ ಅರ್ಥ. ಹಾಗಂತ ಅವರು ಟಿಬಿಯನ್ನು ಬಿಟ್ಟುಬಿಡಲಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಅಂಟುವುದು ಜಾಸ್ತಿ ಅಂತ ಕಫವನ್ನು ಮತ್ತೊಮ್ಮೆ ಟೆಸ್ಟಿಗೆ ಕಳಿಸಿದರು. ಅದರಲ್ಲಿ ಟಿಬಿ ಕಾಣಲಿಲ್ಲ. ಒಳಗೆ ಆಗಿರುವ ಕಲೆ ವಾಸಿಯಾಗಲ್ಲ, ಧೂಳಿನಿಂದ ದೂರ ಇರಬೇಕು, ದಮ್ಮಿಗೆ ಔಷಧಿ ಕೊಡುತ್ತೇವೆ ಅಂತ ಕಾಕಾನ ಮುಖ ನೋಡಿಯೇ ಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಲಿಲ್ಲ. ಕಾಕಾನಿಗೆ ಅದು ಹಿಡಿಸಿತು. ಕೊನೆಗೆ "ನಿಮ್ಮ ಸಂಗಡ ಕೆಲಸ ಮಾಡೋರ್ದೂ ತಗಿಸ್ರಿ" ಅಂದರು. ಎಲ್ಲ ಶುರುವಾಗಿದ್ದು ಆ ಮಾತಿನಿಂದ.

ಎರಡನೆಯದು ಎಕ್ಸ್‌ರೇ ವ್ಯಾನಿನ ಟೆಕ್ನಿಷಿಯನ್ ತಂಗಿಗೆ. ವ್ಯಾನು ಗೇಟಿಗೇ ಬಂದರೂ ಹತ್ತಲು ಯಾರೂ ತಯಾರಿರಲಿಲ್ಲ. ಗಂಡಸರಿಗೆ ಕೆಲಸ ಹೋಗುತ್ತದೆ ಅಂತ ಭಯ. ಹೆಣ್ಣುಮಕ್ಕಳಿಗೆ ತಾಳಿ ತೆಗೆಯಲ್ಲ ಅಂತ ಹಟ. ಸರದ ನೆರಳು ಎದೆಯ ಮೇಲೆ ಬಿದ್ದರೆ ಫಿಲ್ಮ್ ಕೆಡುತ್ತದೆ. ಆಕೆ ವಾದ ಮಾಡಲೇ ಇಲ್ಲ. ತನ್ನ ಸರವನ್ನೂ ತೆಗೆದು ತೋರಿಸಿ, "ಯಕ್ಕಾ, ನಂದೂ ದಿನಾ ತಗೀತೀನಿ, ನಮ್ಮನಿಯವ್ರು ಗಟ್ಟಿಮುಟ್ಟ ಅದಾರ" ಅಂದಳು. ಸಾಲಿನಲ್ಲಿ ನಗು ಎದ್ದಿತು. ಆಮೇಲೆ ಎಲ್ಲ ಸಲೀಸು. ಬಸುರಿ ಇದ್ದೀರಾ ಅಂತ ಪ್ರತಿಯೊಬ್ಬರನ್ನೂ ಮೆಲ್ಲಗೆ ಕೇಳಿದಳು. ಕಿರಣದ ಹೆದರಿಕೆ ಇದ್ದವರಿಗೆ, ಎದೆಯ ಒಂದು ಎಕ್ಸ್‌ರೇಯಲ್ಲಿ ಬೀಳುವುದು ಸುಮಾರು 0.1 ಮಿಲಿಸೀವರ್ಟ್, ಮಣ್ಣು ಆಕಾಶದಿಂದ ಹತ್ತು ದಿನದಲ್ಲಿ ಹೆಂಗೂ ಬೀಳುವಷ್ಟೇ ಅಂತ ಬಿಡಿಸಿ ಹೇಳಿದಳು.

ಎದೆಯನ್ನು ಪ್ಲೇಟಿಗೆ ಒತ್ತಿ, ಭುಜ ಮುಂದಕ್ಕೆ ತಳ್ಳಿ, ಪೂರ್ತಿ ಉಸಿರು ಎಳೆದು ಹಿಡಿಯಬೇಕು. ದಮ್ಮು ಇರುವವರಿಗೆ ಅದೇ ಕಷ್ಟ. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶ ಬೆಳ್ಳಗೆ ಕಂಡು, ಇಲ್ಲದ ರೋಗ ಇದ್ದಂತೆ ತೋರಬಹುದು. ಆಕೆ ಅವಸರ ಮಾಡಲಿಲ್ಲ. ಕೆಮ್ಮು ಬಂದವರನ್ನು ಕೂರಿಸಿ, ನೀರು ಕುಡಿಸಿ, ಮತ್ತೆ ನಿಲ್ಲಿಸಿದಳು.

ಫಿಲ್ಮ್ ಓದಿದವರಿಗೂ ನಮಸ್ಕಾರ. ಸುಮ್ನೆ ಕಣ್ಣಂದಾಜಿನಲ್ಲಿ ಓದುವುದಲ್ಲ ಅದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾದರಿ ಫಿಲ್ಮ್‌ಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ದುಂಡನೆಯ ಚುಕ್ಕೆ ಒಂದೂವರೆ ಮಿಲಿಮೀಟರ್ ಒಳಗಿದ್ದರೆ ಪಿ, ಮೂರರವರೆಗೆ ಕ್ಯೂ, ಹತ್ತರವರೆಗೆ ಆರ್. ಎಷ್ಟು ದಟ್ಟ ಅನ್ನುವುದಕ್ಕೆ ಸೊನ್ನೆಯಿಂದ ಮೂರರವರೆಗೆ ದರ್ಜೆ. ಕಾಕಾ ಅಲ್ಲದೆ ಇನ್ನೂ ಕೆಲವರಿಗೆ ಚುಕ್ಕೆ ಕಂಡಿದೆ. ಹೆಸರು ಇಲ್ಲಿ ಬೇಡ.

ಧಣಿಯರಿಗೂ ಥ್ಯಾಂಕ್ಸ್, ಆದರೆ ಅಳೆದು ಸುರಿದು. ಚುಕ್ಕೆ ಕಂಡವರನ್ನು ಮನೆಗೆ ಕಳಿಸದೆ ಧೂಳಿಲ್ಲದ ಕೆಲಸಕ್ಕೆ ಹಾಕಿದ್ದಾರೆ. ಕಲ್ಲು ಸುರಿಯುವ ಹಾಪರ್ ಮೇಲೆ, ಬೆಲ್ಟಿನಿಂದ ಜಲ್ಲಿ ಬೀಳುವ ಕಡೆ ನೀರು ಚಿಮುಕಿಸುವ ನಾಜಲ್ ಕೂಡಿಸಿದ್ದಾರೆ. ನನ್ನ ಕ್ಯಾಬಿನ್ ಗಾಜು ಈಗ ಮಧ್ಯಾಹ್ನದವರೆಗೂ ಒರೆಸದೆ ನಡೆಯುತ್ತದೆ. ಆದರೆ ಇದು ದಾನಧರ್ಮ ಅಲ್ವಲ್ಲಾ. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು ಅಂತ ಗಣಿ ನಿಯಮಗಳಲ್ಲಿ ಎಂದೋ ಬರೆದಿಟ್ಟಿದ್ದಾರೆ. ಸಿಲಿಕೋಸಿಸ್ ಕಂಡರೆ ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೂ ಹೇಳಿತ್ತು. ಮುಂದಿನ ಸಲ ನಾವು ಕೇಳುವ ಮೊದಲೇ ವ್ಯಾನು ಬಂದರೆ ಪೂರ್ತಿ ಥ್ಯಾಂಕ್ಸ್ ಹೇಳುತ್ತೇನೆ.

ಅಣ್ಣಿಗೇರಿ ಕಡೆಯ ನಮ್ಮ ಅತ್ತೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್‌ನಲ್ಲಿ ದುಡಿದವರು. ತಾವೂ ಎಕ್ಸ್‌ರೇ ತೆಗೆಸುತ್ತೇನೆ ಅಂತ ಹೊರಟಿದ್ದಾರೆ. ತೆಗೆಸಲಿ. ಆದರೆ ಹತ್ತಿ ಧೂಳಿನ ದಮ್ಮು ಹೆಚ್ಚಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದೇ ಅದರ ಗುರುತು. ಅದಕ್ಕೆ ಕೊಳವೆಯಲ್ಲಿ ಜೋರಾಗಿ ಊದಿಸಿ ಅಳೆಯುವ ಸ್ಪೈರೋಮೆಟ್ರಿ ಬೇಕು. ಜಿನ್ನಿಂಗ್ ಮಂದಿ ಇದನ್ನು ಕೇಳಿ ಮಾಡಿಸಿಕೊಳ್ಳಿ.

ನಮ್ಮವರಿಗೆ ಒಂದು ಮಾತು. ನಾರ್ಮಲ್ ಅಂತ ಬಂದವರೂ ಫಿಲ್ಮ್ ಎಸೆಯಬೇಡಿ. ಈ ರೋಗ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಆಗ ಹೋಲಿಸಿ ನೋಡಲು ಹಳೆಯ ಫಿಲ್ಮೇ ಬೇಕು. ಗ್ರಹಣ ನೋಡಲು ಮಕ್ಕಳ ಕೈಗೂ ಕೊಡಬೇಡಿ, ಅದು ಕಣ್ಣಿಗೂ ಕೆಟ್ಟದ್ದು. ಹಬ್ಬಕ್ಕೆ ಅಂತ ಊರಿಗೆ ಹೋದವರ ಲಕೋಟೆಗಳು ನನ್ನ ಕ್ಯಾಬಿನ್‌ನಲ್ಲೇ ಇವೆ. ಬಂದು ಒಯ್ಯಿರಿ. ಆಧಾರ್ ಗೀಧಾರ್ ಏನೂ ತರಬೇಡಿ, ನಿಮ್ಮ ಮುಖ ನನಗೆ ಗೊತ್ತಿದೆ.