ಬಾವುಟದ ಬಣ್ಣಗಳನ್ನ ಧರ್ಮಕ್ಕೊಂದರಂತೆ ಹಂಚಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮೊನ್ನೆ ಆಗಸ್ಟ್ 15ಕ್ಕೆ ಹಾಸನ ಹತ್ರದ ಒಂದು ಶಾಲೆ ಕಾರ್ಯಕ್ರಮದಲ್ಲಿ ಪುಟ್ಟ ಹುಡುಗಿ ಒಬ್ಬಳು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಕೊಂಡು ಬಂದು ಭಾಷಣ ಮಾಡಿದ್ಲು ಅಂದ್ರೆ ಎಲ್ಲರೂ ಚಪ್ಪಾಳೆ ಹೊಡೆದ್ರು, ಆದ್ರೆ ಅವಳು ಹೇಳಿದ್ದು ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದವರದ್ದು ಅಂತ. ಮಗು ಏನ್ ಮಾಡುತ್ತೆ ಪಾಪ, ಬರೆದುಕೊಟ್ಟಿದ್ದನ್ನ ಹೇಳುತ್ತೆ. ವಾಟ್ಸಾಪಲ್ಲೂ ಪ್ರತಿ ವರ್ಷ ಇದೇ ಓಡಾಡುತ್ತೆ.

ಈ ಮಾತಿಗೆ ಬುಡವೇ ಇಲ್ಲ ಅಂತ ನಾನು ಹೇಳಲ್ಲ. 1921ರಲ್ಲಿ ವಿಜಯವಾಡದ ಕಾಂಗ್ರೆಸ್ ಸಭೆ ಟೈಮಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೆಂಪು ಹಸಿರು ಎರಡೇ ಬಣ್ಣ ಇತ್ತು, ಹಿಂದೂ ಮುಸ್ಲಿಂ ಅನ್ನೋ ಅರ್ಥದಲ್ಲೇ, ಆಮೇಲೆ ಗಾಂಧೀಜಿ ಉಳಿದವರಿಗೂ ಜಾಗ ಇರ್ಲಿ ಅಂತ ಬಿಳಿ ಸೇರಿಸಿ ಚರಕನೂ ಹಾಕಿಸಿದ್ರು. ಆದ್ರೆ ಧರ್ಮಕ್ಕೊಂದು ಬಣ್ಣ ಅಂತ ಶುರುವಾದ್ರೆ ಅದು ನಿಲ್ಲುತ್ತಾ? ನಮ್ಮ ಬಣ್ಣ ಎಲ್ಲಿ ಅಂತ ಸಿಖ್ಖರು ಕೇಳಿದ್ರು, ಅವರು ಕೇಳಿದ್ದು ನ್ಯಾಯವೇ. ಕೊನೆಗೆ 1931ರಲ್ಲಿ ಕಾಂಗ್ರೆಸ್ಸೇ ಒಂದು ಸಮಿತಿ ಮಾಡಿ ಚರ್ಚೆ ಮಾಡಿ ಕೆಂಪು ತೆಗೆದು ಕೇಸರಿ ತಂದು, ಬಿಳಿನ ಮಧ್ಯಕ್ಕೆ ಇಟ್ಟು, ಈ ಬಣ್ಣಗಳಿಗೂ ಯಾವ ಕೋಮಿಗೂ ಸಂಬಂಧ ಇಲ್ಲ ಅಂತ ಸ್ಪಷ್ಟವಾಗಿ ತೀರ್ಮಾನ ಮಾಡ್ತು. ಕೇಸರಿ ಧೈರ್ಯ ತ್ಯಾಗ, ಬಿಳಿ ಸತ್ಯ ಶಾಂತಿ. ಅಂದ್ರೆ ನಾವು ಇವತ್ತು ಮಕ್ಕಳ ಕೈಲಿ ಹೇಳಿಸ್ತಿರೋದು ಸ್ವಾತಂತ್ರ್ಯ ಬರೋಕೆ 16 ವರ್ಷ ಮೊದಲೇ ಬಿಟ್ಟುಬಿಟ್ಟ ಅರ್ಥ!

1947ರ ಜುಲೈ 22ಕ್ಕೆ ಸಂವಿಧಾನ ಸಭೆಯಲ್ಲಿ ಬಾವುಟದ ನಿರ್ಣಯ ಮಂಡಿಸುವಾಗ ನೆಹರೂನೂ ಇದಕ್ಕೆ ಕೋಮಿನ ಅರ್ಥ ಇಲ್ಲ ಅಂತ ಮತ್ತೆ ಹೇಳಿದ್ರು. ಅವತ್ತೇ ರಾಧಾಕೃಷ್ಣನ್ ಅವರು ಹಸಿರು ಅಂದ್ರೆ ಮಣ್ಣು, ಗಿಡಮರದ ಜೊತೆ ನಮಗಿರೋ ನಂಟು ಅಂತ ವಿವರಿಸಿದ್ರು. ಇದನ್ನ ನಮ್ಮ ಜಿಲ್ಲೆ ಮಕ್ಕಳಿಗೆ ಬಾಯಿಪಾಠ ಮಾಡಿಸೋದೇ ಬೇಡ, ಸಕಲೇಶಪುರದ ಕಾಫಿ ತೋಟ, ಇಲ್ಲಿನ ಆಲೂಗಡ್ಡೆ ಹೊಲ, ಅರಸೀಕೆರೆ ತೆಂಗು ನೋಡ್ಕೊಂಡು ಬೆಳೆಯೋ ಮಕ್ಕಳು ಅವು.

ಚರಕ ಹೋಗಿ ಸಾರನಾಥದ ಅಶೋಕ ಸ್ತಂಭದ 24 ಅರೆಗಳ ಚಕ್ರ ಬಂದಿದ್ದೂ ಆಗಲೇ. ಚರಕದ ಒಂದು ಕಡೆ ಚಕ್ರ ಇನ್ನೊಂದು ಕಡೆ ನೂಲು ಸುತ್ತೋ ಕದಿರು ಇರೋದ್ರಿಂದ ಬಾವುಟದ ಎರಡೂ ಕಡೆ ಒಂದೇ ಥರ ಕಾಣಲ್ಲ ಅನ್ನೋದು ನೆಹರೂ ಕೊಟ್ಟ ಒಂದು ಕಾರಣ. ಇನ್ನು ಆ ಅಶೋಕನ ತಾತ ಚಂದ್ರಗುಪ್ತ ಮೌರ್ಯ ಕೊನೆಗಾಲ ಕಳೆದಿದ್ದು ನಮ್ಮ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಅಂತ ಜೈನ ಪರಂಪರೆ ಹೇಳುತ್ತೆ. ಹಾಸನದ ಭಾಷಣದಲ್ಲಿ ಇದು ಯಾಕೆ ಬರಲ್ಲ ಅನ್ನೋದೇ ನನಗೆ ಬೇಜಾರು.

1938ರ ಏಪ್ರಿಲಲ್ಲಿ ನಮ್ಮದೇ ಮೈಸೂರು ಸಂಸ್ಥಾನದಲ್ಲಿ ಆಗ ಚರಕ ಇದ್ದ ಈ ಬಾವುಟ ಹಾರಿಸಬಾರದು ಅಂತ ನಿಷೇಧ ಇದ್ದಾಗ ಮದ್ದೂರು ಹತ್ರ ಶಿವಪುರದಲ್ಲಿ ಜನ ಹಾರಿಸಿ ಜೈಲಿಗೆ ಹೋದ್ರು, ಅದೇ ತಿಂಗಳು 25ಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಜನ ಸತ್ರು. ಅವರು ಯಾರೂ ತಮ್ಮ ಪಾಲಿನ ಪಟ್ಟಿಗೋಸ್ಕರ ಅಲ್ಲಿಗೆ ಹೋದವರಲ್ಲ, ಇಡೀ ಬಾವುಟಕ್ಕೆ ಹೋದವರು.

ಮೇಷ್ಟ್ರುಗಳಿಗೆ, ಮೇಡಂಗಳಿಗೆ ಕೈಮುಗಿದು ಕೇಳ್ಕೋತೀನಿ, ಜನವರಿ 26ಕ್ಕೆ ಮಕ್ಕಳಿಗೆ ಭಾಷಣ ಬರೆದುಕೊಡುವಾಗ ಆ ಹಳೇ ಸಾಲು ತೆಗೆದುಹಾಕಿ. ತಾವೂ ನಿಮ್ಮ ಪತ್ರಿಕೆಯಲ್ಲಿ ಅದಕ್ಕೆ ಒಂದು ವಾರ ಮೊದಲೇ ಬಾವುಟದ ಈ ಕಥೆನ ಮಕ್ಕಳಿಗೆ ಅರ್ಥ ಆಗೋ ಹಾಗೆ ಅರ್ಧ ಪುಟ ಹಾಕಿದ್ರೆ ಶಾಲೆಗಳವರು ಅದನ್ನೇ ನೋಡಿ ಬರೆದುಕೊಡ್ತಾರೆ.

ಇಂತಿ,
ನಿಮ್ಮ ಓದುಗ, ಹಾಸನ