ಇಲಿಯನ್ನೂ ಲೆಕ್ಕಕ್ಕೆ ತಗೋ

ಚಿ. ಸಿಂಚನಾಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಪಿಎಚ್.ಡಿ. ಪ್ರಸ್ತಾವನೆ ಓದಿದೆ. ಮಂಡ್ಯದ ರೈತರ ಮೊಬೈಲ್ ಬಳಕೆ ಬಗ್ಗೆ ಪ್ರಶ್ನಾವಳಿ ಹಂಚುತ್ತೀಯಂತೆ. ಮೊದಲ ಪುಟದಲ್ಲೇ ಪೋಸ್ಟ್‌ಹ್ಯೂಮನಿಸಂ ಅಂತಲೂ ಬರೆದಿದ್ದೀಯ. ಎರಡೂ ಕೂಡಿಬರೋದಿಲ್ಲ ಮಗಳೇ. ಮನುಷ್ಯನೊಬ್ಬನೇ ಮಾಡುವವನು, ಮಿಕ್ಕಿದ್ದೆಲ್ಲ ಅವನ ಕೈಸಾಮಾನು ಅನ್ನೋದನ್ನೇ ಆ ವಿಚಾರ ಒಪ್ಪುವುದಿಲ್ಲ. ನೀನು ಬರೀ ಮನುಷ್ಯರನ್ನು ಕೇಳಿ ಬಂದರೆ ಹೇಗೆ?

ಪಾಂಡವಪುರಕ್ಕೆ ಬಾ, ನಮ್ಮ ಪಂಪ್‌ಸೆಟ್ ನೋಡು. ಪೆಟ್ಟಿಗೆಯೊಳಗೆ ಒಂದು ಮೊಬೈಲ್ ಸ್ಟಾರ್ಟರ್ ಇದೆ. ಅದಕ್ಕೂ ಒಂದು ಸಿಮ್ಮು, ಅದಕ್ಕೂ ರೀಚಾರ್ಜು. ರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಅದೇ ನನಗೆ ಫೋನ್ ಮಾಡುತ್ತದೆ. ಮಲಗಿದ ಕಡೆಯಿಂದಲೇ ನಂಬರ್ ಒತ್ತಿದರೆ ಮೋಟರು ಶುರು. ಒಂದು ಫೇಸ್ ಹೋದರೆ ನನ್ನನ್ನು ಕೇಳದೆ ತಾನೇ ಆಫ್ ಆಗುತ್ತದೆ. ಸಿಗ್ನಲ್ ಇಲ್ಲದ ದಿನ ಟಾರ್ಚ್ ಹಿಡಿದು ಹಾವಿಗೆ ಹೆದರುತ್ತಾ ಬದುವಿನ ಮೇಲೆ ನಡೆಯಬೇಕು. ಇಲಿ ವೈರು ಕಡಿದರೂ ಅಷ್ಟೇ. ಈಗ ಹೇಳು, ಕಬ್ಬಿಗೆ ನೀರು ಬಿಟ್ಟಿದ್ದು ಯಾರು? ನಿನ್ನ 'ಹೌದು, ಇಲ್ಲ' ಕಾಲಮ್ಮಿನಲ್ಲಿ ಇದೆಲ್ಲ ಹಿಡಿಸುತ್ತಾ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬ್ರೂನೋ ಲತೂರ್ 1988ರಲ್ಲಿ ಬಾಗಿಲನ್ನು ತಾನಾಗಿ ಮುಚ್ಚುವ ಸ್ಪ್ರಿಂಗಿನ ಮೇಲೆ ಇಡೀ ಲೇಖನ ಬರೆದರು. ಅದು ಬಿಗಿಯಾದರೆ ಮಕ್ಕಳಿಗೆ, ಮುದುಕರಿಗೆ ಬಾಗಿಲು ತೆರೆಯುವುದು ಕಷ್ಟ ಅನ್ನೋದನ್ನೂ ಬಿಡಲಿಲ್ಲ. ಮೊದಲು ಅದನ್ನು ಓದು. ಮನುಷ್ಯ-ಯಂತ್ರದ ಬೆಸುಗೆ ಬಗ್ಗೆ ಬರೆದ ಡೋನಾ ಹ್ಯಾರವೇ ಆಮೇಲೆ. ಮಾಹಿತಿಗೂ ಒಂದು ಮೈ ಬೇಕು ಅಂತ ಅಮೆರಿಕದ ಸಾಹಿತ್ಯ ವಿದ್ವಾಂಸೆ ಕ್ಯಾಥರೀನ್ ಹೇಲ್ಸ್ 1999ರಲ್ಲಿ ವಾದಿಸಿದರು. ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ. ಅದು ಎಷ್ಟು ದೂರ ಮುಟ್ಟಿತೋ ಅಷ್ಟೇ ಕೇಳುಗರು. ಮೇಷ್ಟ್ರ ಆಸೆ ಎಷ್ಟೇ ದೊಡ್ಡದಿದ್ದರೂ ಯಂತ್ರ ಒಪ್ಪಬೇಕಲ್ವಾ?

ಒಂದು ವಿಷಯದಲ್ಲಿ ಮಾತ್ರ ಹುಷಾರು. ಎಲ್ಲವೂ ಮಾಡುತ್ತವೆ ಅಂತ ಬರೆಯುತ್ತಾ ಬರೆಯುತ್ತಾ ಮನುಷ್ಯರನ್ನು ಸುಮ್ನೆ ಬಿಟ್ಟುಬಿಡುವ ವಿದ್ವಾಂಸರು ಜಾಸ್ತಿ ಆಗಿದ್ದಾರೆ. ಪಂಪಿಗೆ ಪಾಳಿ ಹಾಕಿ ರಾತ್ರಿ ಹೊತ್ತು ಕರೆಂಟ್ ಕೊಡೋಣ ಅಂತ ತೀರ್ಮಾನಿಸಿದ್ದು ಇಲಿಯಲ್ಲ. ಆ ತೀರ್ಮಾನ ಎಲ್ಲಾಯಿತು, ಯಾರ ಸಹಿ ಇದೆ ಅನ್ನೋದೂ ನಿನ್ನ ಅಧ್ಯಯನದಲ್ಲಿ ಬರಬೇಕು. ಸ್ಟಾರ್ಟರಿನಿಂದ ಹೊರಟು ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್), ಸಬ್‌ಸ್ಟೇಷನ್, ಕಚೇರಿ ಫೈಲು, ಹೀಗೆ ಒಂದೇ ವೈರು ಹಿಡಿದು ಹೋಗು.

ಶನಿವಾರ ಬಂದರೆ ರಾತ್ರಿ ಉಳಿದುಕೋ. ಈ ವಾರ ನಮ್ಮ ಪಂಪಿಗೆ ಕರೆಂಟು ರಾತ್ರಿ ಪಾಳಿಯಲ್ಲಿ. ಲೈನ್‌ಮ್ಯಾನ್‌ಗೂ ಹೇಳಿಟ್ಟಿದ್ದೇನೆ, ಟಿಸಿ ಹತ್ತಿರ ಸಿಗುತ್ತಾನೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ.

ಇಂತಿ,
ನಿನ್ನ ಮಾವ